ಸ್ಪೀಕರ್ ಬೆಂಗಳೂರಿನಲ್ಲೇ ಇರಲಿ

ಮಕ್ತಲ್
ಕಾರ್ತಿಕ ಮಾಸ

ಪ್ರೀತಿಯ ತಂಗೀ,

ನಿನ್ನ ಕಾಗದ ಬಂತು. ಅದರೊಳಗೆ ಮಡಚಿಟ್ಟಿದ್ದ ಮೂರು ದಿನದ ಪ್ರವಾಸದ ಪಟ್ಟಿಯೂ ಸಿಕ್ಕಿತು. ಅವ್ವನಿಗೆ ಓದಿ ಹೇಳಿದೆ. ‘ಬರ್ತಾಳಂತಲ್ಲ, ಅಷ್ಟು ಸಾಕು. ಎಷ್ಟು ಮಂದಿಗೆ ರೊಟ್ಟಿ ಬಡೀಬೇಕು ಕೇಳು’ ಅಂದಳು. ಅವಳ ಮಂಡಿನೋವು ಹಾಗೇ ಇದೆ. ಆದರೂ ನೀನು ಬರುವ ಸುದ್ದಿ ಕೇಳಿದ್ದೇ ತಡ, ಒಲೆಯ ಮುಂದೆ ತಾನೇ ಕೂಡುವ ಮಾತಾಡುತ್ತಿದ್ದಾಳೆ. ಬೇಡ ಅಂತ ನೀನೇ ಒಂದು ಮಾತು ಬರೆ. ನಾನು ಹೇಳಿದರೆ ಕೇಳುವುದಿಲ್ಲ.

ಪಟ್ಟಿ ನೋಡಿ ಸಂತೋಷವಾಯಿತು, ಜೊತೆಗೇ ದಿಗಿಲೂ ಆಯಿತು. ಮುಡುಮಾಲದ ಕಲ್ಲುಗಳ ನಡುವೆ ವೇದಿಕೆ, ಕೃಷ್ಣೆಯ ದಡದಲ್ಲಿ ದೀಪಾಲಂಕಾರದ ಸಂಗೀತ ಸಂಜೆ, ಗದ್ವಾಲ ಕೋಟೆಯೊಳಗೆ ಜಾನಪದ ರಾತ್ರಿ. ಇಷ್ಟಕ್ಕೂ ಬೆಂಗಳೂರಿನಿಂದಲೇ ಸೌಂಡ್ ಸಿಸ್ಟಮ್ ಬಾಡಿಗೆಗೆ ತರುತ್ತೀಯಂತೆ! ಚಿಕ್ಕಂದಿನಲ್ಲಿ ಟೇಪ್ ರೆಕಾರ್ಡರಿನ ಗುಂಡಿಯನ್ನು ಕೊನೇವರೆಗೆ ತಿರುಗಿಸದೆ ಒಂದು ಹಾಡೂ ಕೇಳಿದವಳಲ್ಲ ನೀನು, ಅಜ್ಜ ಹಿತ್ತಲಿಗೆ ಎದ್ದು ಹೋಗುತ್ತಿದ್ದ. ಅದಕ್ಕೇ ಈ ಪಟ್ಟಿ ನನಗೆ ಹೊಸದೇನೂ ಅನ್ನಿಸಲಿಲ್ಲ. ಆದರೆ ಈ ಸಲ ಸ್ವಲ್ಪ ಹಠ ಹಿಡಿದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ಕಡೆಗೆ ನೋಡಲು ಅಂತ ಯಾರು ಬರುತ್ತಿದ್ದರು ಹೇಳು? ರಾಯಚೂರಿಗೆ ಹೋಗುವವರು, ಮಂತ್ರಾಲಯಕ್ಕೆ ಹೋಗುವವರು ಇಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಿದ್ದರು, ಅಷ್ಟೆ. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. 2025ರಲ್ಲಿ ಮುಡುಮಾಲದ ನಿಲುಗಲ್ಲುಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಈಗ ಭಾನುವಾರ ಬಂತೆಂದರೆ ಕಾರುಗಳು ಬರುತ್ತವೆ. ಬರಲಿ, ಖುಷಿಯೇ. ಬಂದವರು ಏನು ನೋಡಬೇಕು ಅಂತ ಎಲ್ಲರೂ ಯೋಚಿಸುತ್ತಿದ್ದಾರೆ. ಅವರ ಕಿವಿಗೆ ಏನು ಬೀಳಬೇಕು ಅನ್ನುವುದನ್ನು ಮಾತ್ರ ಇನ್ನೂ ಯಾರೂ ಎತ್ತಿಲ್ಲ. ನೀನಾದರೂ ಎತ್ತು ಅಂತ ನನ್ನ ಆಸೆ.

ಮೊದಲು ನಿನ್ನ ಪಟ್ಟಿಯಲ್ಲಿರುವ ಬುರ್ರ ವೀಣೆಯ ವಿಷಯ. ದಾಮರಗಿದ್ದದ ದಾಸರಿ ಕೊಂಡಪ್ಪ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು ನಿನಗೆ ಗೊತ್ತು. ಅವರ ಮನೆತನದಲ್ಲಿ ಈ ವಾದ್ಯ ಹಿಡಿದ ಮೂರನೆಯ ತಲೆಮಾರು ಅವರದು. ತೆಲುಗಿನಲ್ಲೂ ಕನ್ನಡದಲ್ಲೂ ತತ್ವ ಹಾಡುತ್ತಾರೆ. ಒಣಗಿದ ಬುರುಡೆ, ಬಿದಿರು, ಲೋಹದ ತಂತಿ, ವಾದ್ಯವೆಂದರೆ ಇಷ್ಟೇ. ಮನೆ ಬಾಗಿಲಲ್ಲಿ, ಊರ ಕಟ್ಟೆಯ ಮೇಲೆ, ಸುತ್ತ ಕೂತ ಹತ್ತಿಪ್ಪತ್ತು ಮಂದಿಗೆ ಹಾಡುವವರ ಕೈಯಲ್ಲಿ ಬೆಳೆದ ವಾದ್ಯ ಅದು. ಬುರುಡೆಯ ಹೊಟ್ಟೆ ಸಣ್ಣದು, ಅದು ಎಬ್ಬಿಸುವ ಗಾಳಿಯೂ ಅಷ್ಟೇ. ಹತ್ತಿರ ಕೂತರೆ ತಂತಿಯ ಝೇಂಕಾರದ ಅಡಿಯಲ್ಲಿ ಬಿದಿರಿನ ಮೇಲೆ ಬೆರಳು ಸರಿಯುವ ಸಪ್ಪಳವೂ ಕೇಳುತ್ತದೆ. ಆ ಸಪ್ಪಳ ಕೇಳಿದವರಿಗೆ ಹಾಡು ಎಲ್ಲಿಂದ ಹುಟ್ಟುತ್ತಿದೆ ಅಂತ ಗೊತ್ತಾಗುತ್ತದೆ. ಇನ್ನೂರು ಕುರ್ಚಿ ಹಾಕಿಸಿ, ಕಪ್ಪು ಡಬ್ಬಿಗಳನ್ನು ಆಳೆತ್ತರ ಪೇರಿಸಿ ನೀನು ಕೇಳಿಸಲಿರುವುದು ಆ ವಾದ್ಯವನ್ನಲ್ಲ, ಡಬ್ಬಿಯನ್ನು.

ಲೆಕ್ಕ ಬೇಕೆಂದರೆ ಲೆಕ್ಕವೂ ಇದೆ, ನೀನು ಓದಿದವಳು. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಸಾಧಾರಣ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ಅದೇ ಮಾತು ನಾಲ್ಕು ಮೀಟರಿಗೆ 48, ಎಂಟು ಮೀಟರಿಗೆ 42. ಹಿಂದೆ ಜನರೇಟರ್ ಗುರುಗುಟ್ಟುತ್ತಿದ್ದರೆ 42 ಎಲ್ಲಿ ಉಳಿಯುತ್ತದೆ? ಅದಕ್ಕೇ ಮಂದಿ ಸದ್ದು ಏರಿಸುತ್ತಾರೆ. ಒಂದು ಏರಿಸಿದ ಮೇಲೆ ಇನ್ನೊಂದು ಏರಿಸಬೇಕಾಗುತ್ತದೆ. ನೀನು ಏರಿಸುವ ಬದಲು ಜನರೇಟರನ್ನು ದೂರ ಇಡಿಸು, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ, ಒಂದು ಗೋಡೆಯ ಮರೆಗೆ. ಮಂದಿಯನ್ನು ಹತ್ತಿರ ಕೂಡಿಸು, ಅರ್ಧ ಸುತ್ತಿನಲ್ಲಿ, ಚಾಪೆಯ ಮೇಲೆ. ಇಪ್ಪತ್ತೈದು ಜನಕ್ಕಿಂತ ಹೆಚ್ಚಾದರೆ ಎರಡು ಪಾಳಿ ಮಾಡು.

ವಯಸ್ಸಾದ ದನಿಗೆ ಮೈಕು ಬೇಕೇ ಬೇಕು ಅನ್ನಿಸಿದರೆ ಒಂದು ಮಾತು ನೆನಪಿಡು. ಬುರುಡೆಯಿಂದ ಒಂದು ಗೇಣು ದೂರದಲ್ಲಿ ಸಣ್ಣ ಮೈಕು, ಮುಂದಿನ ಸಾಲಿನ ಅಕ್ಕಪಕ್ಕ ಕಿವಿಯ ಮಟ್ಟದಲ್ಲಿ ಎರಡು ಸಣ್ಣ ಡಬ್ಬಿ, ಅವುಗಳ ಮುಖ ಊರ ಕಡೆಗಲ್ಲ, ಹೊಲದ ಕಡೆಗೆ. ನಮ್ಮ ಸೌಂಡಿನ ಹುಡುಗರು ಕೇಳದೆಯೇ ‘ಎಕೋ’ ಹಾಕುತ್ತಾರೆ. ಮೊದಲೇ ಹೋಗಿ ಬೇಡ ಅನ್ನು, ಪ್ರೀತಿಯಿಂದಲೇ ಅನ್ನು. ದೂರದಲ್ಲಿ ಇನ್ನೊಂದು ಜೋಡಿ ಡಬ್ಬಿ ಇಟ್ಟರೆ ಇನ್ನೂ ಕಷ್ಟ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಆಚೆಯಿಂದ ಬರುವ ಅಕ್ಷರ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗುತ್ತದೆ. ತತ್ವಪದದಲ್ಲಿ ಪದವೇ ಮುಖ್ಯ ಅಲ್ಲವೇ? ಒಂದರ ಮೇಲೊಂದು ಬಿದ್ದ ಅಕ್ಷರದಲ್ಲಿ ಯಾವ ತತ್ವ ತಿಳಿಯುತ್ತದೆ?

ಇನ್ನು ಮುಡುಮಾಲ. ಅಲ್ಲಿ ವೇದಿಕೆ ಬೇಡವೇ ಬೇಡ ತಂಗೀ. ಹತ್ತು ಹದಿನಾಲ್ಕು ಅಡಿ ಎತ್ತರದ ಕಲ್ಲುಗಳು, ನೆಟ್ಟು ಮೂರು ಸಾವಿರ ವರ್ಷಕ್ಕೂ ಮೀರಿತು ಅನ್ನುತ್ತಾರೆ. ಊರವರಿಗೆ ಅದು ನಿಲುರಾಳ್ಳ ತಿಮ್ಮಪ್ಪ, ನಮ್ಮ ಪಾಲಿಗೆ ಪ್ರವಾಸಿ ತಾಣವಾದರೆ ಅವರ ಪಾಲಿಗೆ ದೇವರ ಜಾಗ. ಹೋದ ವರ್ಷ ಯಾರೋ ಹುಡುಗರು ಕಲ್ಲಿನ ಬುಡದಲ್ಲಿ ಸ್ಪೀಕರ್ ಇಟ್ಟು ಕುಣಿಯುತ್ತ ವಿಡಿಯೋ ಮಾಡುತ್ತಿದ್ದರು. ಹೊಲದಿಂದ ಬಂದ ಮುದುಕಿಯೊಬ್ಬಳು ಬಯ್ಯಲಿಲ್ಲ, ಸುಮ್ಮನೆ ಕೈ ಮುಗಿದು ನಿಂತುಕೊಂಡಳು. ಆಮೇಲೆ ಹುಡುಗರೇ ಆರಿಸಿದರು. ಅವರಿಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ನೀನು ಕರೆತರುವವರಿಗೆ ಬಸ್ಸಿನಲ್ಲೇ ಹೇಳು. ಬೆಳಗಿನ ಜಾವ ಕರೆದುಕೊಂಡು ಹೋಗು. ಅರ್ಧ ಗಂಟೆ ಯಾರೂ ಮಾತಾಡಬಾರದು ಅಂತ ಮಾತು ತಗೋ. ಪುಷ್ಯ ಮಾಸದಲ್ಲಿ ಜೋಳ ತೆನೆ ಹಿಡಿದಿರುತ್ತದೆ, ಹಕ್ಕಿ ಓಡಿಸುವವರ ಕೂಗು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಆ ಬಯಲಿನ ಸಂಗೀತ ಅದೇ. ಅದಕ್ಕೆ ಟಿಕೆಟ್ಟೂ ಬೇಡ, ವೇದಿಕೆಯೂ ಬೇಡ.

ನಾವು ವಿಜಯಪುರಕ್ಕೆ ಹೋದಾಗ ನಿನಗೆ ಎಷ್ಟು ನಿರಾಸೆಯಾಗಿತ್ತು, ನೆನಪಿದೆಯಾ? ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಈ ಗೋಡೆಗೆ ಕಿವಿಯಿಟ್ಟರೆ ಆಚೆ ಬದಿಯ ಪಿಸುಮಾತು ಕೇಳಬೇಕು. 1656ರ ಹೊತ್ತಿಗೆ ಮುಗಿದ ಆ ಕಟ್ಟಡದಲ್ಲಿ ಇಂದಿಗೂ ಆ ಗುಣ ಹಾಗೇ ಉಳಿದಿದೆ. ಆದರೆ ಬಂದವರೆಲ್ಲ ಪ್ರತಿಧ್ವನಿಗಾಗಿ ಕೂಗುತ್ತಿದ್ದರೆ ಪಿಸುಮಾತು ಯಾರಿಗೆ ಕೇಳೀತು? ಹಂಪಿಯಲ್ಲಿ ಇನ್ನೊಂದು ಥರ. ವಿಠಲ ಗುಡಿಯ ಸಂಗೀತದ ಕಂಬಗಳನ್ನು ಬಡಿದು ಬಡಿದು ಸವೆಸಿದ ಮೇಲೆ ಮುಟ್ಟುವುದನ್ನೇ ನಿಲ್ಲಿಸಬೇಕಾಯಿತು. ಒಂದು ಕಡೆ ಗದ್ದಲ, ಇನ್ನೊಂದು ಕಡೆ ಬೆರಳು. ಎರಡೂ ಕಡೆ ಬಂದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಒಂದು ಹೊತ್ತಿಗೆ ಎಷ್ಟು ಜನ, ಏನು ಮಾಡಬಹುದು ಅಂತ ಮೊದಲೇ ಗೊತ್ತು ಮಾಡಿದ್ದರೆ ಅಷ್ಟು ಹಾಳಾಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮುಡುಮಾಲಕ್ಕೆ ಇನ್ನೂ ಸಮಯ ಮೀರಿಲ್ಲ.

ನದಿ ದಡದ ಸಂಗೀತ ಸಂಜೆಯನ್ನೂ ತೆಗೆದುಹಾಕು ಅಂತ ಕೇಳುತ್ತೇನೆ. ಪಂಚದೇವಪಹಾಡದಿಂದ ಕೃಷ್ಣೆ ದಾಟಿದರೆ ಕುರುವಪುರ, ಶ್ರೀಪಾದ ಶ್ರೀವಲ್ಲಭರ ನಡುಗಡ್ಡೆ. ಅಲ್ಲಿ ಪಾರಾಯಣಕ್ಕೆ ಕೂತವರು ಮಹಾರಾಷ್ಟ್ರದಿಂದ, ಕರ್ನಾಟಕದಿಂದ ಬಂದವರು. ಸಂಜೆಯಾದ ಮೇಲೆ ನೀರಿನ ಮೇಲಿನ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಆಗ ಮೇಲೆ ಹೋಗಬೇಕಾದ ಸದ್ದು ಬಾಗಿ ನೀರಿನ ಮೇಲೇ ಹರಿಯುತ್ತದೆ. ಈ ದಡದಲ್ಲಿ ನೀನು ಹಾಕುವ ಹಾಡು ಅವರ ಮಡಿಲಲ್ಲಿ ಬೀಳುತ್ತದೆ. ಅವರು ಅಷ್ಟು ದೂರದಿಂದ ಬಂದದ್ದು ಅದಕ್ಕಲ್ಲವಲ್ಲ. ದೋಣಿಯಲ್ಲಿ ಕೂತಾಗ ಹುಟ್ಟಿನ ಸಪ್ಪಳ ಕೇಳಿಸಿಕೊಳ್ಳಿ, ಸಾಕು. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡ, ಇದು ಸಂಗೀತಕ್ಕಿಂತ ಮುಖ್ಯ.

ಗದ್ವಾಲದ ಬಗ್ಗೆ ಮಾತ್ರ ನನ್ನ ಮನಸ್ಸು ಮೆತ್ತಗಿದೆ. ‘ವಿದ್ವದ್ಗದ್ವಾಲ’ ಅನ್ನಿಸಿಕೊಂಡ ಸಂಸ್ಥಾನ, ಕವಿಗಳನ್ನು ಕರೆದು ಸನ್ಮಾನಿಸಿದ ಊರು, ಅಲ್ಲಿ ಹಾಡು ಇರಲೇಬೇಕು. ಆದರೆ ಕೋಟೆಯೊಳಗೆ ಚೆನ್ನಕೇಶವನ ಗುಡಿಯಿದೆ, ಕಾಲೇಜಿದೆ. 2000ದ ಶಬ್ದ ಮಾಲಿನ್ಯ ನಿಯಮಗಳನ್ನು ಒಮ್ಮೆ ಓದಿಕೋ. ಧ್ವನಿವರ್ಧಕಕ್ಕೆ ಬರಹದಲ್ಲಿ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಅದನ್ನು ಹಚ್ಚುವಂತಿಲ್ಲ. ಶಾಲೆ, ಆಸ್ಪತ್ರೆ, ನ್ಯಾಯಾಲಯದ ಸುತ್ತ ನೂರು ಮೀಟರನ್ನು ಮೌನ ವಲಯ ಅಂತ ಸರ್ಕಾರ ಗೊತ್ತು ಮಾಡಬಹುದು. ಮನೆಗಳಿರುವ ಕಡೆ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಮೇಲೆ ಹೇಳಿದ ಲೆಕ್ಕದ ಜೊತೆ ಇದನ್ನಿಟ್ಟು ನೋಡು, ಎಷ್ಟು ಸಣ್ಣ ಸದ್ದಿನ ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ. ಜಾನಪದ ‘ರಾತ್ರಿ’ ಬಿಡು, ಇಳಿಹೊತ್ತು ಮಾಡು. ಎಂಟಕ್ಕೆಲ್ಲ ಮುಗಿಯಲಿ.

ಅದಕ್ಕಿಂತ ನಿನ್ನನ್ನು ಉತ್ತನೂರಿಗೆ ಕರೆದೊಯ್ಯುವ ಆಸೆ ನನಗೆ. ಅದೂ ಗದ್ವಾಲ ಜಿಲ್ಲೆಯದೇ. ಮೊಸರಕಲ್ಲಿನಲ್ಲಿ ಹುಟ್ಟಿ ವಿಜಯದಾಸರ ಶಿಷ್ಯರಾಗಿ ‘ಗೋಪಾಲವಿಠಲ’ ಅಂಕಿತದಲ್ಲಿ ಹಾಡಿದ ಗೋಪಾಲದಾಸರ ಊರು. ಮಾನ್ವಿಯ ಜಗನ್ನಾಥದಾಸರಿಗೆ ದಾರಿ ತೋರಿದವರೂ ಅವರೇ. ಹದಿನೆಂಟನೇ ಶತಮಾನದ ಕನ್ನಡ ದೇವರನಾಮ ಇವತ್ತಿನ ತೆಲುಗು ನೆಲದಲ್ಲಿ ನಿಂತಿದೆ. ನಿಮ್ಮ ಬೆಂಗಳೂರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಪುಷ್ಯದಲ್ಲಿ ದಾಸರ ಆರಾಧನೆ. ಆ ಹೊತ್ತಿಗೆ ಬಂದರೆ ಬಹಳ ಚೆಂದ. ಅಲ್ಲಿ ಭಜನೆ ನಿಮಗಾಗಿ ನಡೆಯುವುದಿಲ್ಲ, ನಡೆಯುತ್ತಿರುವಲ್ಲಿಗೆ ನೀವು ಹೋಗಿ ಹಿಂದೆ ಕೂಡುತ್ತೀರಿ. ‘ಇನ್ನೊಮ್ಮೆ ಹಾಡಿ, ವಿಡಿಯೋ ಸರಿ ಬರಲಿಲ್ಲ’ ಅಂತ ಯಾರೂ ಕೇಳಬಾರದು. ಚಪ್ಪಾಳೆಯೂ ತಾಳಕ್ಕೆ ಮಾತ್ರ.

ಗದ್ವಾಲದಲ್ಲಿ ನೇಕಾರರ ಮನೆಗೂ ಹೋಗೋಣ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸುವಾಗ ಲಾಳಿ ಹೋಗಿ ಬರುವ ಸದ್ದಿಗೊಂದು ಲಯವಿದೆ, ಅಂಚಿನ ಹತ್ತಿರ ಬಂದಾಗ ಅದು ಬದಲಾಗುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಎಳೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರಿಕೆ. ನೇಯುವವರು ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿಕೊಂಡಿದ್ದರೆ ನಿಲ್ಲಿಸಲು ಹೇಳಬೇಡ. ಅದು ಅವರ ಮನೆ, ಅವರ ದಿನ. ಹಳೆಯ ಸದ್ದು ಮಾತ್ರ ನಿಜವಾದದ್ದು ಅಂತ ನಾವು ಹೊರಗಿನವರು ಹಠ ಮಾಡುವುದು ತಪ್ಪು.

ಕೊನೆಗೆ ದುಡ್ಡಿನ ಮಾತು, ಇದನ್ನು ಬರೆಯದೆ ಮನಸ್ಸು ತಡೆಯುವುದಿಲ್ಲ. ನಾಗರಕರ್ನೂಲ್ ಕಡೆಯ ಕಿನ್ನೇರ ಕಲಾವಿದ ದರ್ಶನಂ ಮೊಗಿಲಯ್ಯ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. 2024ರಲ್ಲಿ ಅವರು ಕಟ್ಟಡದ ಕೆಲಸಕ್ಕೆ ಕೂಲಿ ಹೋಗುತ್ತಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹನ್ನೆರಡು ಮೆಟ್ಟಿನ ಕಿನ್ನೇರ ಹಿಡಿಯುವ ಕೈ ಕೂಲಿ ಮಾಡುತ್ತಿತ್ತು. ಓದಿ ಆ ದಿನ ನನಗೆ ಊಟ ಸೇರಲಿಲ್ಲ. ನಿನ್ನ ಪಟ್ಟಿಯಲ್ಲಿ ಸೌಂಡಿಗೆ, ದೀಪಕ್ಕೆ, ವೇದಿಕೆಗೆ ದೊಡ್ಡ ಮೊತ್ತ ಬರೆದಿದ್ದೀಯ, ಕಲಾವಿದರ ಮುಂದೆ ‘ಗೌರವಧನ’ ಅಂತಷ್ಟೇ ಇದೆ, ಅಂಕಿಯಿಲ್ಲ. ಅದನ್ನು ತಿರುವಿಹಾಕು. ಸೌಂಡಿನ ದುಡ್ಡು ಹಾಡುವವರಿಗೆ ಹೋಗಲಿ, ಹೋಗಿ ಬರುವ ಖರ್ಚು ಬೇರೆಯಾಗಿ ಕೊಡು, ಎಲ್ಲವನ್ನೂ ಹಾಡುವ ಮೊದಲೇ ಕೊಡು. ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡು, ಯೂಟ್ಯೂಬಿಗೆ ಹಾಕುವುದಾದರೆ ಅದನ್ನೂ ಹೇಳಿಯೇ ಕೇಳು, ಅವರ ಹೆಸರು, ಊರು ಹಾಕು. ಕಲಿಯಲು ಮನಸ್ಸಿರುವ ಹುಡುಗ ಹುಡುಗಿ ಜೊತೆಗೆ ಬಂದಿದ್ದರೆ ಅವರಿಗೂ ಒಂದು ಪಾಲು ಇರಲಿ.

ಇಷ್ಟೆಲ್ಲ ಬರೆದ ಮೇಲೆ ನೀನು ಮುಖ ಊದಿಸಿಕೊಂಡಿರುತ್ತೀಯ ಅಂತ ಗೊತ್ತು. ಊದಿಸಿಕೋ, ನಿನ್ನ ಅಕ್ಕನಿಗೆ ಅದೇನು ಹೊಸದಲ್ಲ. ಸೌಂಡಿನವರಿಗೆ ಮುಂಗಡ ಕೊಟ್ಟಿದ್ದರೆ ಈ ವಾರವೇ ವಾಪಸು ಕೇಳು. ಜನ ಎಷ್ಟು, ತಾರೀಖು ಯಾವುದು ಎರಡನ್ನೂ ಗಟ್ಟಿ ಮಾಡಿ ತಿಳಿಸು, ನಾನು ಉತ್ತನೂರಿಗೂ ದಾಮರಗಿದ್ದಕ್ಕೂ ಮೊದಲೇ ಹೋಗಿ ಮಾತಾಡಿ ಬರಬೇಕು. ಬಸ್ಸಿನ ಡ್ರೈವರಿಗೆ ಹಳ್ಳಿಯೊಳಗೆ ಆ ಉದ್ದ ರಾಗದ ಹಾರ್ನ್ ಹಾಕದಂತೆ ಹೇಳು. ಬೆಳಗಿನ ಜಾವ ಹೊಲದಲ್ಲಿ ಚಳಿ ಜೋರು, ಎಲ್ಲರೂ ಒಂದೊಂದು ಶಾಲು ತರಲಿ.

ನಿನ್ನ ಅಕ್ಕ