ಅದು ಬ್ಯಾರೆ ಗಾಳಿ

ಮೊನ್ನೆ ಮುಂಜಾನೆ ರೊಟ್ಟಿ ಬಡಿಯೂಮುಂದ ಡಲ್ಲಾಸ್‌ನಿಂದ ಮಗಳ ಫೋನು. "ಅವ್ವಾ, ಸೈರನ್ ಹೊಡೀಲಿಕ್ಕತ್ತದ, ಬಚ್ಚಲದಾಗ ಕೂತೇವಿ." ಚಂಡಮಾರುತ ಅಂದ್ರ ಎರಡು ದಿನ ಮೊದಲ ಹೇಳ್ತಾರಲ್ಲ ಅಂದೆ. "ಇದು ಟೊರ್ನೆಡೊ, ಅವ್ವಾ" ಅಂದು ಇಟ್ಟಳು.

ಆಮ್ಯಾಲೆ ಅಳಿಯ ತಿಳಿಸಿ ಹೇಳಿದ. ಚಂಡಮಾರುತ ಬಿಸಿ ಸಮುದ್ರದ ಮ್ಯಾಲೆ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಇರತದ. ನೆಲಕ್ಕ ಬಂದ್ರ ಸೊರಗತದ. 2021ರ ತೌಕ್ತೆ ಅಂಥಾದ್ದು. ಟೊರ್ನೆಡೊ ಹುಟ್ಟೂದು ಗುಡುಗಿನ ಮೋಡದಾಗ. ಕೆಳಗೊಂದು ದಿಕ್ಕು, ಮ್ಯಾಲೊಂದು ದಿಕ್ಕು ಗಾಳಿ ಬೀಸಿದ್ರ ನಡುವಿನ ಗಾಳಿ ಲಟ್ಟಣಿಗಿ ಹಂಗ ಉರುಳತದ. ಮ್ಯಾಲೇರೋ ಬಿಸಿಗಾಳಿ ಅದನ್ನ ನೆಟ್ಟಗ ನಿಲ್ಲಸ್ತದ. ಹೆಚ್ಚಾಗಿ ಕೆಲವೇ ನಿಮಿಷ ಇರತದ. ಆದ್ರೂ 2013ರ ಮೇ 20ಕ್ಕ ಒಕ್ಲಹಾಮಾದ ಮೂರ್ ಊರಾಗ 24 ಮಂದಿ ಹೋದ್ರು.

ಇಪ್ಪತ್ತು ನಿಮಿಷಕ್ಕ ಮತ್ತ ಫೋನು ಬಂದಿತ್ತು: "ಹೋತವ್ವಾ." ಹಂಚಿನ ಮ್ಯಾಲಿನ ರೊಟ್ಟಿ ಕರಕಾಗಿತ್ತು.

ನಿಮ್ಮ ಮಕ್ಕಳೂ ಆ ಕಡೆ ಇದ್ರ ಕೇಳಿಟ್ಕೋರಿ, ಮನ್ಯಾಗ ಕಿಟಕಿ ಇಲ್ಲದ ಕೆಳಗಿನ ಕೋಲಿ ಯಾವುದು ಅಂತ.