ಕುದುರೆಯ ಮೇಲಿನ ನೂಲು

1987ರಲ್ಲಿ ಧಾರವಾಡದಿಂದ ಪುಣೆಗೆ ವರ್ಗವಾದಾಗ ನನ್ನಾಕೆಯ ತಂಬೂರಿಯನ್ನು ಲಾರಿಯಲ್ಲಿ ಹಾಸಿಗೆ ಸುರುಳಿಗಳ ನಡುವೆ ಮಲಗಿಸಿ ತಂದಿದ್ದೆ. ಪುಣೆಯಲ್ಲೇ ಮನೆ ಬದಲಿಸುವಾಗ ಅಷ್ಟು ಜತನ ಮಾಡಲಿಲ್ಲ. ಬುರುಡೆ ಸೀಳಿತು. ಅವಳ ತಾಯಿ ಕೊಟ್ಟ ತಂಬೂರಿ ಅದು. ತಪ್ಪು ನನ್ನದೇ.

ರಿಪೇರಿಗೆ ಯಾರು ಅಲೆಯಬೇಕು? ಎಂ.ಕಾಂ. ಬುದ್ಧಿ ಲೆಕ್ಕ ಹಾಕಿತು. ಎಲೆಕ್ಟ್ರಾನಿಕ್ ತಂಬೂರಿ ತಂದೆ. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ, ಗುಂಡಿ ತಿರುವಿದರೆ ಶ್ರುತಿ. ಎರಡು ತಿಂಗಳು ಹಾಡಿ ಬಿಟ್ಟಳು. ಕೇಳಿದರೆ, “ಇದು ಬರೇ ಗುಂಯ್ ಅಂತದ ರೀ. ಇದರಾಗ ಜವಾರಿ ಇಲ್ಲ” ಅಂದಳು. ನನಗೆ ಗೊತ್ತಿದ್ದದ್ದು ಜವಾರಿ ಬದನೆಕಾಯಿ, ಜವಾರಿ ಮೆಣಸಿನಕಾಯಿ ಅಷ್ಟೇ! ನಖರಾ ಎಂದುಕೊಂಡೆ. ಮುಂದೆ ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಹಾಡಿರಲಿಲ್ಲ.

ನಿವೃತ್ತಿಯಾದ ಮೇಲೆ, ಸಿ.ವಿ. ರಾಮನ್ 1921ರಲ್ಲಿ ನಮ್ಮ ತಂತಿವಾದ್ಯಗಳ ಬಗ್ಗೆ ಬರೆದ ಪುಟ್ಟ ಲೇಖನ ಓದಿದೆ. (ಅವರೂ ಮೊದಲು ಲೆಕ್ಕಪತ್ರದ ಅಧಿಕಾರಿಯೇ, 1917ರಲ್ಲಿ ಆ ನೌಕರಿ ಬಿಟ್ಟವರು.) ತಂತಿಯನ್ನು ಎಲ್ಲಿ ಮೀಟುತ್ತೇವೋ, ಆ ಜಾಗದಲ್ಲಿ ಅಲುಗದೆ ಇರಬೇಕಾದ ಉಪಸ್ವರಗಳು ಏಳಬಾರದು ಎಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತವೆ! ಕಾರಣ, ತಂತಿಗಳನ್ನು ಹೊತ್ತ ಕುದುರೆ. ಪಿಟೀಲಿನದರಂತೆ ಅದು ತೆಳ್ಳಗಿಲ್ಲ. ಅಗಲವಾಗಿ, ಮೇಲೆ ತುಸು ಬಾಗಿರುತ್ತದೆ. ತಂತಿಯ ಕೆಳಗೊಂದು ನೂಲು. ನಡುಗುವ ತಂತಿ ಆ ಇಳಿಜಾರನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು, ಉಪಸ್ವರಗಳನ್ನು ಎಬ್ಬಿಸುತ್ತಲೇ ಇರುತ್ತದೆ. ಅದೇ ಜವಾರಿ. ನಾನು ನಖರಾ ಅಂದದ್ದು ಭೌತಶಾಸ್ತ್ರ.

ಅಟ್ಟದಿಂದ ತಂಬೂರಿ ಇಳಿಸಿ ಮಿರಜಿಗೆ ಒಯ್ದೆವು. ಸಿತಾರ, ತಂಬೂರಿ ಮಾಡುವ ಮನೆತನಗಳ ಊರು ಅದು, ಕನ್ನಡವೂ ನಡೆಯುತ್ತದೆ. ಬುರುಡೆ ಕೂಡಿಸುವುದು ದೊಡ್ಡದಾಗಲಿಲ್ಲ. ಕುದುರೆಗೇ ಹೊತ್ತು ಹಿಡಿಯಿತು. ಆ ಮುದುಕ ಅರದಿಂದ ಎರಡು ಸಲ ತಿಕ್ಕುವುದು, ಮೀಟುವುದು, ನೂಲನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಮೀಟುವುದು. ಅಳತೆಪಟ್ಟಿ ಗಿಳತೆಪಟ್ಟಿ ಇಲ್ಲ.

“ಸಾಕು ಅನ್ನೂದು ಹೆಂಗ ತಿಳೀತದ್ರಿ?” ಎಂದೆ.

“ಬಾಯಾರ್ನ ಕೇಳ್ರಿ” ಎಂದು ನನ್ನಾಕೆಯತ್ತ ತೋರಿಸಿದ.

ಅವಳು ಕಣ್ಣು ಮುಚ್ಚಿ ಕೂತಿದ್ದಳು. “ಇನ್ನ ಚೂರ” ಅಂದಳು.

ಈಗ ಫೋನಿನ ಆ್ಯಪ್‌ಗಳಲ್ಲಿ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ತುಂಬಿರುತ್ತಾರೆ. ಚೆನ್ನಾಗಿವೆ, ಸುಳ್ಳು ಹೇಳಬಾರದು. ಪುಣೆಯ ಮಳೆಗಾಲದಲ್ಲಿ ತಂಬೂರಿ ಹಟ ಹಿಡಿದರೆ ಅವಳೂ ಆ್ಯಪ್ ಹಚ್ಚುತ್ತಾಳೆ. ಉಳಿದ ದಿನ ಬೆಳಿಗ್ಗೆ ಬಿರಡೆ ತಿರುವುವುದರಲ್ಲೇ ಅರ್ಧ ತಾಸು. ದನಿ ಮೊದಲಿನಂತಿಲ್ಲ, ಮೇಲಿನ ಸಾ ನಿಲ್ಲುವುದಿಲ್ಲ. ಆ ಹೊತ್ತಿನ ಚಹಾ ನಾನೇ ಮಾಡುತ್ತೇನೆ, ಪಾತ್ರೆ ಸಪ್ಪಳಾಗದಂತೆ.