ಮನಸ್ಸಿನ ಮಂಡಿಗೆ

ಲಕ್ವ ಹೊಡೆದು ನನ್ನ ಬಲಗೈ ಮಡಿಲಲ್ಲಿ ಬಿದ್ದು ಏಳು ತಿಂಗಳಾಗಿತ್ತು. ಕಸರತ್ತು ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ದಿನ, "ಕಣ್ಣು ಮುಚ್ಚಿ ಸಾರ್, ಕಾಫಿ ಲೋಟವನ್ನು ಮನಸ್ಸಿನಲ್ಲೇ ಎತ್ತಿ ನೋಡಿ" ಎಂದಳು.

"ಮನಸ್ಸಿನಲ್ಲಿ ಮಂಡಿಗೆ ತಿಂದರೆ ಹೊಟ್ಟೆ ತುಂಬೀತೇನಮ್ಮ?" ಎಂದು ನಕ್ಕೆ. ಅವಳು ನಗಲಿಲ್ಲ. ನೆನೆದರೂ ಸಾಕು, ಮಿದುಳಿನಲ್ಲಿ ಕೈಯಾಡಿಸುವ ಭಾಗಗಳು ಎಚ್ಚರಗೊಳ್ಳುತ್ತವಂತೆ. 2007ರಲ್ಲಿ ಅಮೆರಿಕದಲ್ಲಿ 32 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕಸರತ್ತಿನ ಜೊತೆಗೆ ಇದನ್ನೂ ಮಾಡಿದವರ ಕೈ ಹೆಚ್ಚು ಚೇತರಿಸಿತಂತೆ. ಕಸರತ್ತು ಬಿಟ್ಟರೆ ಮಾತ್ರ ಮಂಡಿಗೆ ಬರಿಯ ಮಂಡಿಗೆಯೇ!

ಅಂದಿನಿಂದ ದಿನವೂ ಅರ್ಧ ಗಂಟೆ ಇಲ್ಲದ ಲೋಟ ಎತ್ತಿದೆ: ಹಿತ್ತಾಳೆಯ ಬಿಸಿ, ಅಂಚಿನ ನೊರೆ, ಮೊಣಕೈ ಮಡಿಚುವ ಬಗೆ. ಮೂರನೆಯ ತಿಂಗಳು ಇದ್ದ ಲೋಟವೇ ಮೇಜಿನಿಂದ ನಾಲ್ಕು ಬೆರಳು ಮೇಲೆದ್ದಿತು. ಅರ್ಧ ಕಾಫಿ ಪಂಚೆಯ ಪಾಲಾಯಿತು. ನನ್ನವಳು ಬಯ್ಯಲಿಲ್ಲ, ಕಣ್ಣೊರೆಸಿಕೊಂಡು ಇನ್ನೊಂದು ಲೋಟ ತಂದಿಟ್ಟಳು.